ನೂರಕ್ಕೆ ನೂರು ಕಾಟನ್ ಎಂದರೆ ಅರ್ಧ ಮಾತು

ಧಾರವಾಡದ ಆಷಾಢದಲ್ಲಿ ಬಟ್ಟೆ ಒಗೆಯುವುದು ಸುಲಭ, ಒಣಗಿಸುವುದೇ ಪಡಿಪಾಟಲು. ಜಿಟಿಜಿಟಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣದು. ಆ ದಿನಗಳಿಗೆಂದೇ ನಮ್ಮ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿರುತ್ತೇವೆ. ರಾತ್ರಿ ಹರವಿದ ಪಾಲಿಯೆಸ್ಟರ್ ಅಂಗಿ ಬೆಳಗಾಗುವಷ್ಟರಲ್ಲಿ ಒಣಗಿ ತಯಾರು. ತೆಳ್ಳನೆಯ ಧೋತರವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಳಿಸಬಹುದು. ಟರ್ಕಿ ಟವೆಲ್ ಮರುದಿನ ಸಂಜೆಯವರೆಗೂ ಕಾಯಿಸುತ್ತದೆ. ಮಗನ ಜೀನ್ಸ್ ಪ್ಯಾಂಟು ಮೂರನೆಯ ದಿನವೂ ಸೊಂಟಪಟ್ಟಿಯ ಹತ್ತಿರ ಹಸಿಹಸಿಯಾಗಿದ್ದು ಮುಗ್ಗಲು ವಾಸನೆ ಹೊಡೆಯತೊಡಗುತ್ತದೆ.

ಪಾಲಿಯೆಸ್ಟರ್ ಬೇಗ ಒಣಗಿದ್ದಕ್ಕೆ ಯಾರಿಗೂ ಅಚ್ಚರಿಯಿಲ್ಲ. ಅದು ಪ್ಲಾಸ್ಟಿಕ್ ವಂಶದ್ದು. ಆದರೆ ಉಳಿದ ಮೂರೂ ಹತ್ತಿಯವೇ. ಮೂರಕ್ಕೂ ಅಂಗಡಿಯವ ಕೊಡುವ ಭರವಸೆ ಒಂದೇ: ನೂರಕ್ಕೆ ನೂರು ಕಾಟನ್. ಒಂದೇ ಹೊಲದ ಹತ್ತಿಯಿಂದ ಆಗಿದ್ದರೂ ಆದಾವು. ಹಾಗಿದ್ದೂ ಒಂದು ಗಾಳಿಗೆ ಹಾರುತ್ತದೆ, ಒಂದು ಮೈಯ ನೀರನ್ನೆಲ್ಲ ಹೀರುತ್ತದೆ, ಇನ್ನೊಂದು ನಿಲ್ಲಿಸಿದರೆ ನಿಂತೇ ಇರುತ್ತದೆ.

ಬಟ್ಟೆ ಅಂಗಡಿಯಲ್ಲಿ ನಾವು ಕೇಳುವುದು ಒಂದೇ ಪ್ರಶ್ನೆ: ‘ಪ್ಯೂರ್ ಕಾಟನ್ ಏನ್ರೀ?’ ಕೆಟ್ಟ ಪ್ರಶ್ನೆಯೇನಲ್ಲ, ಅರ್ಧ ಪ್ರಶ್ನೆ. ಎಳೆ ಯಾವುದು ಎನ್ನುವುದು ಮೊದಲ ಸಂಗತಿಯಷ್ಟೆ. ಆ ಎಳೆಯನ್ನು ಎಷ್ಟು ಸಣ್ಣಗೆ ನೂತರು, ಎಷ್ಟು ಹುರಿ ಕೊಟ್ಟರು, ಹೇಗೆ ನೇಯ್ದರು, ಮಗ್ಗದಿಂದ ಇಳಿಸಿದ ಮೇಲೆ ಅದಕ್ಕೆ ಏನು ಮಾಡಿದರು ಎನ್ನುವುದೆಲ್ಲ ಸೇರಿದಾಗಲೇ ಬಟ್ಟೆಗೊಂದು ಗುಣ ಬರುತ್ತದೆ. ಕಾಲೇಜಿನಲ್ಲಿ ಇದರ ಹೆಸರು ಜವಳಿ ವಿಜ್ಞಾನ. ನಮ್ಮ ನೇಕಾರರು, ಟೇಲರುಗಳು, ಮನೆಯ ಹಿರಿಯ ಹೆಂಗಸರು ಆ ಹೆಸರಿನ ಗೊಡವೆಯಿಲ್ಲದೆ ಅದರ ಬಹುಪಾಲನ್ನು ಬಲ್ಲರು.

ನೀರು ಕುಡಿಯುವ ಎಳೆ

ಹತ್ತಿಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಳಿ ಹೋದ ಸೈಕಲ್ ಟ್ಯೂಬು ನೆನಪಾಗುತ್ತದೆ. ಕಾಯಿ ಹಸಿಯಿದ್ದಾಗ ದುಂಡಗಿದ್ದ ನಾಳ, ಕಾಯಿ ಒಡೆದು ಬಿಸಿಲು ತಾಗಿದಾಗ ಒಣಗಿ ಚಪ್ಪಟೆಯಾಗಿ ಅಲ್ಲಲ್ಲಿ ತಿರುಚಿಕೊಳ್ಳುತ್ತದೆ. ಈ ತಿರುಚೇ ಹತ್ತಿಯ ಭಾಗ್ಯ. ಒಂದು ಎಳೆ ಇನ್ನೊಂದನ್ನು ಕಚ್ಚಿ ಹಿಡಿಯುವುದು ಅದರಿಂದಲೇ. ಬೂರುಗದ ಹತ್ತಿ ನೋಡಲು ಇದಕ್ಕಿಂತ ಚೆಂದ, ಇದಕ್ಕಿಂತ ಹಗುರ. ಆದರೆ ಅದರ ಎಳೆ ನುಣುಪು, ಹಿಡಿತವಿಲ್ಲ. ಹೀಗಾಗಿ ಅದು ದಿಂಬಿನೊಳಗೇ ಉಳಿಯಿತು, ನೂಲಾಗಲಿಲ್ಲ.

ಹತ್ತಿಯ ಮೈಯೆಲ್ಲ ಸೆಲ್ಯುಲೋಸ್. ಆ ಉದ್ದನೆಯ ಅಣುಸರಪಳಿಯ ತುಂಬ ನೀರನ್ನು ಕಂಡರೆ ಕೈಚಾಚುವ ಹೈಡ್ರಾಕ್ಸಿಲ್ ಗುಂಪುಗಳಿವೆ. ಗಾಳಿಯ ಆರ್ದ್ರತೆ ಶೇ 65 ಇದ್ದಾಗ 100 ಗ್ರಾಂ ಒಣ ಹತ್ತಿ ಸುಮಾರು 8.5 ಗ್ರಾಂ ನೀರನ್ನು ಸದ್ದಿಲ್ಲದೆ ಇಟ್ಟುಕೊಂಡಿರುತ್ತದೆ. ಮುಟ್ಟಿದರೆ ಹಸಿ ಅನ್ನಿಸುವುದೇ ಇಲ್ಲ. ರೇಷ್ಮೆಗೆ ಇದು ಸುಮಾರು 11 ಗ್ರಾಂ, ಉಣ್ಣೆಗೆ 16. ಪಾಲಿಯೆಸ್ಟರಿಗೆ ಅರ್ಧ ಗ್ರಾಮೂ ಇಲ್ಲ, ಬರೀ 0.4. ನೂಲನ್ನು ತೂಕಕ್ಕೆ ಮಾರುವ ವ್ಯಾಪಾರದಲ್ಲಿ ನೀರಿಗೂ ದುಡ್ಡು ಕೊಟ್ಟಂತಾಗುತ್ತದೆಯಲ್ಲ, ಅದಕ್ಕಾಗಿಯೇ ಈ ಅಂಕಿಗಳನ್ನು ಜಗತ್ತಿನ ಮಾರುಕಟ್ಟೆಗಳು ಗೊತ್ತುಪಡಿಸಿಕೊಂಡಿವೆ.

ಬೇಸಿಗೆಯಲ್ಲಿ ಪಾಲಿಯೆಸ್ಟರ್ ಅಂಗಿ ಬೆನ್ನಿಗೆ ಅಂಟುವುದಕ್ಕೂ, ಒಣಹವೆಯಲ್ಲಿ ಅದನ್ನು ಬಿಚ್ಚುವಾಗ ಚಟಪಟ ಕಿಡಿ ಹಾರುವುದಕ್ಕೂ ಈ 0.4 ಕಾರಣ. ಬೆವರನ್ನು ಒಳಗೆ ತೆಗೆದುಕೊಳ್ಳಲು ಜಾಗವಿಲ್ಲ. ವಿದ್ಯುದಂಶವನ್ನು ಹರಿಸಿಬಿಡಲು ತೇವವಿಲ್ಲ. ಮಳೆಗಾಲದ ಹಗ್ಗದ ಮೇಲೆ ಅದು ಗೆಲ್ಲುವುದೂ ಇದೇ ಕಾರಣಕ್ಕೆ.

ಹತ್ತಿ ಬಟ್ಟೆ ಸುಕ್ಕಾಗುವುದರ ಗುಟ್ಟೂ ಇಲ್ಲಿಯೇ ಇದೆ. ಸರಪಳಿಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಅಂಟಿಕೊಂಡಿರುತ್ತವೆ. ಬೆವರು, ತೇವ ತಾಗಿದಾಗ ಬಂಧ ಸಡಿಲಾಗುತ್ತದೆ, ಕೂತ ಭಂಗಿಯಲ್ಲಿಯೇ ಒಣಗಿದಾಗ ಅಲ್ಲೇ ಮತ್ತೆ ಬಿಗಿಯುತ್ತದೆ. ಇಸ್ತ್ರಿ ಮಾಡುವವರು ನೀರು ಚಿಮುಕಿಸಿ ಮಾಡುವುದೂ ಅದನ್ನೇ: ನೀರಿನಿಂದ ಬಿಚ್ಚು, ಒತ್ತಿ ನೆಟ್ಟಗೆ ಮಾಡು, ಶಾಖದಿಂದ ಕೂರಿಸು. ಸುಕ್ಕೂ ಇಸ್ತ್ರಿಯೂ ಒಂದೇ ವಿದ್ಯೆಯ ಎರಡು ಮುಖ.

ಉಣ್ಣೆಯದು ವಿಚಿತ್ರ ಸ್ವಭಾವ. ಆವಿಯನ್ನು ಎಲ್ಲಕ್ಕಿಂತ ಹೆಚ್ಚು ಹೀರುತ್ತದೆ, ಹನಿಯನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎಳೆಯ ಮೇಲಿನ ಹೆಂಚು ಹೊದಿಸಿದಂಥ ಪೊರೆಗಳು, ಅವುಗಳ ಮೇಲಿನ ಜಿಡ್ಡು ಹನಿಯನ್ನು ಜಾರಿಸಿಬಿಡುತ್ತವೆ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಸ್ವೆಟರಿಗೆ ಸಲ್ಲದು. ಕಂಬಳಿಗೆ ಹೇಳಿ ಮಾಡಿಸಿದ್ದು. ನೇಯ್ದ ಕಂಬಳಿಗೆ ಹುಣಸೆ ಬೀಜದ ಅಂಬಲಿ ಹಚ್ಚಿ ಬಿಗಿ ಮಾಡುತ್ತಾರೆ. ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯುವವರ ಮೈ ಬೆಚ್ಚಗಿರುವುದು ದಪ್ಪದ ಕಾರಣಕ್ಕಷ್ಟೇ ಅಲ್ಲ. ಉಣ್ಣೆ ತೇವವನ್ನು ಒಳಗೆಳೆದುಕೊಳ್ಳುವಾಗ ತುಸು ಶಾಖವನ್ನೂ ಹೊರಬಿಡುತ್ತದೆ. ರೇನ್‌ಕೋಟು ಈ ಕೆಲಸ ಮಾಡಲಾರದು.

ಹಗ್ಗದ ಮೇಲಿನ ಜೀನ್ಸಿಗೆ ಮರಳಿದರೆ, ಅದರ ಹತ್ತಿ ಧೋತರದ ಹತ್ತಿಗಿಂತ ಹೆಚ್ಚೇನೂ ನೀರು ಕುಡಿದಿಲ್ಲ. ನೀರು ಕೂತಿರುವುದು ಎಳೆಗಳ ಸಂದಿಯಲ್ಲಿ. ದಪ್ಪ ನೂಲು, ಒತ್ತಾದ ನೇಯ್ಗೆ, ಸೊಂಟದಲ್ಲಿ ನಾಲ್ಕೈದು ಪದರ. ಗಾಳಿ ಹೋಗುವ ದಾರಿಯೇ ಇಲ್ಲ.

ಕಡ್ಡಿ ಗೀರಿ ನೋಡುವುದು

ಅವ್ವ ರೇಷ್ಮೆ ಸೀರೆ ಕೊಳ್ಳಲು ಹೋದರೆ ಅಂಗಡಿಯವರಿಗೆ ಸಣ್ಣ ಕಸಿವಿಸಿ. ಸೆರಗಿನ ಕುಚ್ಚಿನಿಂದ ‘ಒಂದ ಎಳಿ ಹಿರಕೊಳ್ಳಲೇನ್ರಿ’ ಎಂದು ಕೇಳಿ, ಹೊರಗೆ ಬಂದು ಕಡ್ಡಿ ಗೀರುತ್ತಿದ್ದಳು. ಸುಟ್ಟ ಕೂದಲಿನ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ, ಹಗುರ ಬೂದಿಯಾದರೆ ಹತ್ತಿ. ಕರಗಿ ಮುದ್ದೆಗಟ್ಟಿ, ಆರಿದ ಮೇಲೆ ಉಗುರಿಗೂ ಬಗ್ಗದ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕೂದಲು, ಉಣ್ಣೆ, ರೇಷ್ಮೆ ಮೂರೂ ಪ್ರೋಟೀನು; ವಾಸನೆ ಒಂದೇ. ಹತ್ತಿಯೂ ಕಾಗದವೂ ಸೆಲ್ಯುಲೋಸ್, ಅವುಗಳದೂ ಒಂದೇ. ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಮೊದಲ ವಾರ ಕಲಿಸುವ ಪರೀಕ್ಷೆಯೂ ಇದೇ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ‘ಸಿಲ್ಕ್ ಮಾರ್ಕ್’ ಚೀಟಿಯಿಂದ ಈಗ ಕಡ್ಡಿ ಗೀರುವ ಅಗತ್ಯ ತಗ್ಗಿದೆ.

ಅವ್ವನ ಕಡ್ಡಿ ಸೋಲುತ್ತಿದ್ದುದು ಒಂದು ಎಳೆಯ ಮುಂದೆ ಮಾತ್ರ: ರೇಯಾನ್. ಇಳಕಲ್ ಸೀರೆಯ ಸೆರಗಿಗೆ ರೇಷ್ಮೆಯ ಜಾಗದಲ್ಲಿ ಬಂದು ಕೂತ ‘ಆರ್ಟ್ ಸಿಲ್ಕ್’ ಇದೇ. ಈ ‘ಆರ್ಟ್’ ಕಲೆ ಎಂದುಕೊಂಡವರು ಬಹಳ ಮಂದಿ. ಅದು ‘ಆರ್ಟಿಫಿಷಿಯಲ್’ನ ಬಾಲ ಕತ್ತರಿಸಿದ ರೂಪ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಮರದ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡಿನಲ್ಲಿ ಜೇನಿನಂಥ ದ್ರಾವಣ ಮಾಡುವ ಬಗೆ ಕಂಡುಕೊಂಡರು. ಆ ದ್ರಾವಣವನ್ನು ಸಣ್ಣ ತೂತುಗಳಿಂದ ಆಮ್ಲಕ್ಕೆ ಚಿಮ್ಮಿಸಿದರೆ ಮತ್ತೆ ಸೆಲ್ಯುಲೋಸ್, ಈ ಸಲ ಹೊಳೆಯುವ ಉದ್ದನೆಯ ಎಳೆಯಾಗಿ. ಮರದ್ದೂ ಸೆಲ್ಯುಲೋಸ್ ಆದ್ದರಿಂದ ಸುಟ್ಟರೆ ಹತ್ತಿಯದೇ ವಾಸನೆ. ಹತ್ತಿಗೂ ಇದಕ್ಕೂ ವ್ಯತ್ಯಾಸ ತಿಳಿಯಲು ಬೆಂಕಿ ಬೇಡ, ನೀರು ಸಾಕು. ಎಳೆಯ ನಡುಭಾಗವನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಎಳೆಯಿರಿ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುವ ಎಳೆ. ರೇಯಾನ್ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಂಡು ಒದ್ದೆಯಾದಲ್ಲಿಯೇ ತುಂಡಾಗುತ್ತದೆ. ರೇಯಾನ್ ಕುರ್ತಾವನ್ನು ಒಗೆಯುವ ಕಲ್ಲಿಗೆ ಬಡಿಯಬಾರದು ಎನ್ನುವುದೂ ಇದಕ್ಕೇ.

ಇನ್ನೊಂದು ಮಾತು. ‘ಮರದಿಂದ ಬಂದದ್ದು, ನೈಸರ್ಗಿಕ’ ಎಂಬ ಹೊಗಳಿಕೆಯೊಂದಿಗೆ ಈಗ ರೇಯಾನ್ ಮಾರಾಟವಾಗುತ್ತದೆ. ಆ ಮರ ಎಲ್ಲಿಯದು ಎಂದು ನಮ್ಮ ಕಡೆಯವರು ಹಿಂದೆಯೇ ಕೇಳಿದ್ದಾರೆ. ಹರಿಹರದ ಪಕ್ಕ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ರೇಯಾನಿಗೆ ಬೇಕಾದ ತಿರುಳಿನ ಕಾರ್ಖಾನೆ ಬಂತು. ಅದಕ್ಕೆ ಮರ ಒದಗಿಸಲೆಂದು ಊರೊಟ್ಟಿನ ಜಾಗಗಳಲ್ಲಿ ನೀಲಗಿರಿ ನೆಟ್ಟಾಗ ದನಗಳಿಗೆ ಮೇವಿಲ್ಲ, ಒಲೆಗೆ ಸೌದೆಯಿಲ್ಲ ಎಂಬ ಕೂಗೆದ್ದಿತು. 1987ರ ನವೆಂಬರಿನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಮುಂದಾಳ್ತನದಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೊ ಹಚ್ಚಿಕೊ’ ಚಳವಳಿ ಎಂದೇ ಅದಕ್ಕೆ ಹೆಸರು. ಸೆರಗಿನ ಹೊಳಪಿನ ಇನ್ನೊಂದು ತುದಿ ಅಲ್ಲಿತ್ತು.

ಎಳೆಯ ಉದ್ದ, ನೂಲಿನ ಹುರಿ

ನೂಲಿನ ಗುಣವನ್ನು ನಿರ್ಧರಿಸುವುದರಲ್ಲಿ ಎಳೆಯ ಉದ್ದಕ್ಕೇ ಮೊದಲ ಮಾತು. ಉದ್ದ ಎಳೆಯಾದರೆ ಸಣ್ಣ ನೂಲು ತೆಗೆಯಬಹುದು, ತುದಿಗಳು ಕಡಿಮೆಯಾದ್ದರಿಂದ ಮೈಯೂ ನುಣುಪು. ನಮ್ಮ ಎರೆಭೂಮಿಯ ನಾಡಹತ್ತಿ ಗಿಡ್ಡ ಎಳೆಯದು. ಬಂದರಿನ ಹೆಸರಿನಿಂದ ಅದು ‘ಕುಮಟಾ ಹತ್ತಿ’ ಎನಿಸಿಕೊಂಡು ಹಡಗು ಹತ್ತುತ್ತಿತ್ತು. ಲ್ಯಾಂಕಶೈರಿನ ಗಿರಣಿಗಳಿಗೆ ಬೇಕಿದ್ದುದು ಉದ್ದ ಎಳೆ. ಹಾಗಾಗಿ 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಬೀಜವನ್ನು ಇಲ್ಲಿ ಬಿತ್ತಿಸಿದರು. ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ಹುಟ್ಟಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ದಿನಗಳು ಬಂದವು, ನಾಲ್ಕಾರು ವರ್ಷದಲ್ಲಿ ಹೋದವು. ಅದೇ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಉದ್ದ ಎಳೆಯ ಹೈಬ್ರಿಡ್ ಹತ್ತಿಯನ್ನು 1972ರಲ್ಲಿ ಕೊಟ್ಟರು. ಗಿರಣಿಯವರಿಗೆ ನೂರಕ್ಕೂ ಹೆಚ್ಚು ವರ್ಷದ ಹಂಬಲವಾಗಿದ್ದುದು ಕೊನೆಗೆ ಇಲ್ಲಿಯ ಮಣ್ಣಿನಲ್ಲೇ ಬೆಳೆಯಿತು.

ನೂಲು ಎಷ್ಟು ಸಣ್ಣ ಎನ್ನುವುದಕ್ಕೆ ಮಾರುಕಟ್ಟೆಯ ಮಾತು ‘ಕೌಂಟ್’. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅಷ್ಟು ಕೌಂಟ್. 20 ಕೌಂಟ್ ಎಂದರೆ ದಪ್ಪ, 100 ಎಂದರೆ ಕೂದಲೆಳೆ. ನೂರರ ನೂಲು ಒಂದು ಪೌಂಡಿಗೆ ಸುಮಾರು 77 ಕಿಲೋಮೀಟರ್ ಹಾಸುತ್ತದೆ. ಹುಬ್ಬಳ್ಳಿ–ಧಾರವಾಡದ ನಡುವೆ ಎರಡು ಸಲ ಹೋಗಿ ಬಂದಷ್ಟು ದೂರ, ಅಂಗೈಯಲ್ಲಿ ಹಿಡಿಯುವ ಒಂದು ಉಂಡೆಯಲ್ಲಿ. ರೇಷ್ಮೆ, ಪಾಲಿಯೆಸ್ಟರುಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ‘ಡೆನಿಯರ್’: 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು. ಅಂಕಿ ಏರಿದಂತೆ ದಪ್ಪ. ಎರಡೂ ಪದ್ಧತಿ ಗೊತ್ತಿಲ್ಲದವರನ್ನು ಅಂಗಡಿಯಲ್ಲಿ ತಬ್ಬಿಬ್ಬು ಮಾಡುವುದು ಬಲು ಸುಲಭ.

ರವಿಕೆ ಬಟ್ಟೆ ಕೇಳುವಾಗ ‘ಟೂ ಬೈ ಟೂ ಕೊಡ್ರಿ’ ಎನ್ನದ ಹೆಂಗಸರಿಲ್ಲ. ಹಾಗೆಂದರೇನು ಎಂದು ಕೇಳಿದರೆ ‘ಛಲೋ ಬಾಳಿಕಿ ಬರತೈತಿ’ ಎಂಬ ಉತ್ತರ. ಉತ್ತರ ಸರಿಯಾಗಿಯೇ ಇದೆ. ಹಾಸಿನಲ್ಲಿ ಎರಡೆಳೆ ಕೂಡಿಸಿ ಹುರಿ ಮಾಡಿದ ನೂಲು, ಹೊಕ್ಕಿನಲ್ಲಿಯೂ ಹಾಗೆಯೇ. ಅದೇ ಟೂ ಬೈ ಟೂ. ಎರಡೆಳೆಯ ನೂಲು ಒಂದರ ಬಲಹೀನ ಜಾಗವನ್ನು ಇನ್ನೊಂದರಿಂದ ಮುಚ್ಚುತ್ತದೆ. ಬೆವರಿಗೆ, ಹೊಲಿಗೆಯ ಎಳೆತಕ್ಕೆ, ದಿನದಿನದ ಒಗೆತಕ್ಕೆ ತಡೆಯುವುದು ಅದರಿಂದ.

ಹುರಿಯ ಆಟ ನೋಡಬೇಕೆಂದರೆ ಮೈಸೂರು ರೇಷ್ಮೆಯನ್ನು ನೋಡಬೇಕು. ಒಂದು ಗೂಡಿನಿಂದ ಬರುವ ಎಳೆ ನೂರಾರು ಮೀಟರ್, ಒಳ್ಳೆಯ ದ್ವಿತಳಿ ಗೂಡಾದರೆ ಕಿಲೋಮೀಟರಿಗೂ ಮೀರಿ ಉದ್ದ. ಅದರ ಅಡ್ಡಕೊಯ್ತ ಮುಕ್ಕೋನ. ಬೆಳಕು ಅದರ ಮೇಲೆ ಬೇರೆಯೇ ರೀತಿ ಆಡುವುದು ಅದಕ್ಕೆ. ಮುಕ್ಕೋನದ ಪಾಲಿಯೆಸ್ಟರ್ ಎಳೆ ತಯಾರಿಸಿ ಅದೇ ಹೊಳಪು ತರಲು ಕಾರ್ಖಾನೆಗಳು ಇಂದಿಗೂ ಹೆಣಗುತ್ತವೆ. ಎಳೆಯ ಮೇಲೆ ಸೆರಿಸಿನ್ ಎಂಬ ಗೋಂದು, ತೂಕದಲ್ಲಿ ಕಾಲುಭಾಗದಷ್ಟು. ಕಂಚಿ ಸೀರೆಗೆ ಈ ಗೋಂದನ್ನು ಮೊದಲು ತೆಗೆದು, ನೂಲಿಗೆ ಬಣ್ಣ ಹಾಕಿ, ಆಮೇಲೆ ನೇಯುತ್ತಾರೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯ ಕ್ರೇಪ್ ಸೀರೆಯದು ತಲೆಕೆಳಗಾದ ದಾರಿ. ಗೋಂದಿರುವ ನೂಲಿಗೇ ಮೀಟರಿಗೆ ಸಾವಿರಾರು ಸುತ್ತು ಹುರಿ ಕೊಡುತ್ತಾರೆ, ಕೆಲವಕ್ಕೆ ಬಲಕ್ಕೆ, ಕೆಲವಕ್ಕೆ ಎಡಕ್ಕೆ. ಗೋಂದು ಆ ಹುರಿಯನ್ನು ಹಿಡಿದಿಟ್ಟಿರುತ್ತದೆ. ನೇಯ್ದು ಇಳಿಸಿದ ಬಟ್ಟೆ ಬಿರುಸು, ಮಂಕು. ಕಂಡವರು ಇದಾ ಮೈಸೂರು ರೇಷ್ಮೆ ಎಂದು ಮೂಗು ಮುರಿಯಬೇಕು. ಆಮೇಲೆ ಅದನ್ನು ಸಾಬೂನಿನ ಕುದಿನೀರಿಗೆ ಇಳಿಸುತ್ತಾರೆ. ಗೋಂದು ಕರಗಿದ್ದೇ ತಡ, ಅದುಮಿಟ್ಟ ಹುರಿಗಳೆಲ್ಲ ಒಂದು ಬಲಕ್ಕೆ, ಒಂದು ಎಡಕ್ಕೆ ಬಿಚ್ಚಿಕೊಳ್ಳಲು ಹೆಣಗುತ್ತವೆ. ಬಟ್ಟೆ ಸಂಕೋಚಗೊಂಡು ಮೈತುಂಬ ಕಂಡೂ ಕಾಣದಂಥ ಕಣಕಣ ಏಳುತ್ತದೆ. ಬಣ್ಣ ಬೀಳುವುದು ಅದಾದ ಮೇಲೆ. ಮೈಗೆ ಅಂಟದೆ ಮೈಯ ಮೇಲೆ ಇಳಿಯುವ ಆ ಗುಣವನ್ನು ‘ಒಳ್ಳೆ ರೇಷ್ಮೆ’ ಎಂದು ಬಿಡುತ್ತೇವೆ. ಅರ್ಧದಷ್ಟು ಶ್ರೇಯಸ್ಸು ಹುರಿಯದು.

ಹಾಸುಹೊಕ್ಕು

ಒಂದು ಸಂಗತಿ ಬದುಕಿನಲ್ಲಿ ಬಿಡಿಸಲಾರದಂತೆ ಬೆರೆತಿದ್ದರೆ ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ನೇಕಾರರಿಂದ ಸಾಲ ಪಡೆದ ಮಾತು ಅದು. ಮಗ್ಗದ ಉದ್ದಕ್ಕೆ ಬಿಗಿದು ಕಟ್ಟಿದ್ದು ಹಾಸು; ಲಾಳಿಯೊಡನೆ ಅಡ್ಡ ಓಡುವುದು ಹೊಕ್ಕು. ಪ್ರತಿ ಏಟನ್ನೂ ತಡೆಯಬೇಕಾದ್ದರಿಂದ ಹಾಸಿನ ನೂಲು ಹೆಚ್ಚು ಹುರಿಯದು, ಗಂಜಿ ಉಂಡದ್ದು. ಹೊಕ್ಕು ತುಸು ಮೆತ್ತಗೆ. ಸೀರೆಯನ್ನು ಉದ್ದಕ್ಕೆ ಹರಿಯುವುದಕ್ಕೂ ಅಡ್ಡ ಹರಿಯುವುದಕ್ಕೂ ಕೈಗೆ ಬೇರೆ ಬೇರೆ ಅನುಭವವಾಗುವುದು ಇದರಿಂದಲೇ.

ಒಂದರ ಮೇಲೆ ಒಂದರ ಕೆಳಗೆ ಸಾಗಿದರೆ ಸಾದಾ ನೇಯ್ಗೆ: ಧೋತರ, ಪಾಪ್ಲಿನ್, ಮಲ್. ಪ್ರತಿ ಸಾಲಿಗೂ ಒಂದು ಎಳೆ ಪಕ್ಕಕ್ಕೆ ಸರಿದರೆ ಮೈಮೇಲೆ ಓರೆ ಗೆರೆ ಏಳುತ್ತದೆ, ಅದು ಟ್ವಿಲ್. ಇದರಲ್ಲಿ ಎಳೆಗಳನ್ನು ಇನ್ನೂ ಒತ್ತಾಗಿ ತುರುಕಬಹುದು. ಜೀನ್ಸಿನ ಡೆನಿಮ್ ಇದೇ ಜಾತಿ. ಅದರ ಹಾಸು ನೀಲಿ, ಹೊಕ್ಕು ಬಿಳಿ. ಹಾಸಿನ ಮೂರೆಳೆ ಮೇಲೆ ತೇಲಿ ಒಂದು ಮುಳುಗುವುದರಿಂದ ಹೊರಗೆ ನೀಲಿ, ಒಳಗೆ ಬಿಳಿಚು. ನೀಲಿಬಣ್ಣವೂ ನೂಲಿನ ಹೊರಮೈಗಷ್ಟೇ ಹತ್ತಿರುತ್ತದೆ, ತಿರುಳು ಬಿಳಿಯೇ. ಮೊಣಕಾಲ ಹತ್ತಿರ ಮಾಸುವುದನ್ನು ಮಕ್ಕಳು ಈಗ ಫ್ಯಾಶನ್ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಅದು ಹಳೆ ಪ್ಯಾಂಟು.

ಹಾಸು ಹೊಕ್ಕುಗಳೆರಡೂ ಎಳೆತಕ್ಕೆ ಬಗ್ಗವು. ಆದರೆ ಮೂಲೆಯಿಂದ ಮೂಲೆಗೆ ಎಳೆದರೆ ಚೌಕಗಳು ವಾಲಿಕೊಂಡು ಬಟ್ಟೆ ರಬ್ಬರಿನಂತೆ ಕೊಡುತ್ತದೆ. ‘ಕ್ರಾಸ್ ಕಟಿಂಗ್’ ರವಿಕೆ ಮೈಗೆ ಹೊಂದಿ ಕೂರುವುದು, ಅದಕ್ಕೆ ಬಟ್ಟೆ ಹೆಚ್ಚು ಬೇಕು ಎಂದು ಟೇಲರ್ ಕೇಳುವುದು ಎರಡೂ ಈ ಓರೆಯ ಕಾರಣಕ್ಕೆ. ಬಟ್ಟೆ ಉಳಿಸಲು ನೇರ ಕತ್ತರಿಸಿದರೆ ಕಂಕುಳಲ್ಲಿ ಪಿಸಿಯುವುದು ಖಂಡಿತ.

ಇಳಕಲ್ ಸೀರೆಯಲ್ಲಿ ನೇಕಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಹೊಕ್ಕು ಬದಲಿಸುವುದು ಎಲ್ಲ ಮಗ್ಗದಲ್ಲೂ ಆಗುತ್ತದೆ. ಇಲ್ಲಿ ಬದಲಾಗುವುದು ಹಾಸು. ಒಡಲಿನ ಹಾಸಿನ ಒಂದೊಂದು ಎಳೆಯ ಕುಣಿಕೆಗೂ ಸೆರಗಿನ ಹಾಸಿನ ಒಂದೊಂದು ಎಳೆಯ ಕುಣಿಕೆಯನ್ನು ಸಿಕ್ಕಿಸುತ್ತಾರೆ. ‘ಕೊಂಡಿ’ ಎನ್ನುವುದು ಈ ಸಿಕ್ಕಿಗೆ. ಸಾವಿರಾರು ಕೊಂಡಿಗಳನ್ನು ಕೈಯಿಂದ ಜೋಡಿಸಬೇಕು, ಅದೂ ಪ್ರತಿ ಸೀರೆಗೂ ಹೊಸದಾಗಿ. ಒಂದು ಸಲ ಹಾಸು ಹೂಡಿ ಹತ್ತು ಸೀರೆ ಇಳಿಸುವ ಮಾತೇ ಇಲ್ಲ. ಸೆರಗಿನ ‘ತೋಪ ತೆನಿ’ಯ ಬಿಳಿ ಗೋಪುರಗಳು ಏಳುವುದು ಅದರ ಮೇಲೆ. ನನ್ನ ಎಣಿಕೆಯಲ್ಲಿ ನಮ್ಮ ರಾಜ್ಯದ ಬಟ್ಟೆಗಳಲ್ಲಿ ಇದಕ್ಕಿಂತ ಜಾಣ ಬಟ್ಟೆಯಿಲ್ಲ.

ಅದೇ ಸೀರೆಯ ಮೇಲೆ ಕಸೂತಿ ಬರುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆಯಲ್ಲಿ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕುವುದು. ಎಳೆ ಎಣಿಸಲು ಬರಬೇಕಾದರೆ ನೇಯ್ಗೆ ಸಾದಾ ಇರಬೇಕು, ಹಾಸು ಹೊಕ್ಕು ಸಮನಾಗಿರಬೇಕು. ಟ್ವಿಲ್ ಬಟ್ಟೆಯ ಮೇಲೆ ಕಸೂತಿಯ ಗೋಪುರ ನೆಟ್ಟಗೆ ನಿಲ್ಲುವುದಿಲ್ಲ.

ನೆನೆಹಾಕದ ಅಂಗಿ

ಮಗ್ಗದಿಂದ ಇಳಿದ ಬಟ್ಟೆ ಇನ್ನೂ ಹಸುಗೂಸು. ಗಂಜಿ ಕಳೆಯಬೇಕು, ಬಿಳುಪು ಮಾಡಬೇಕು, ಬಣ್ಣ ಕೊಡಬೇಕು. 1850ರಲ್ಲಿ ಜಾನ್ ಮರ್ಸರ್ ಎಂಬ ಲ್ಯಾಂಕಶೈರಿನ ರಸಾಯನಗಾರ, ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಹತ್ತಿಯ ಚಪ್ಪಟೆ ಎಳೆ ಊದಿ ದುಂಡಗಾಗುವುದಕ್ಕೆ ಪೇಟೆಂಟ್ ಪಡೆದ. ಆಗ ಬಟ್ಟೆ ಕುಗ್ಗುತ್ತಿತ್ತು. ಸುಮಾರು 40 ವರ್ಷದ ಮೇಲೆ ಹೊರೇಸ್ ಲೋ ಅದನ್ನು ಬಿಗಿಯಾಗಿ ಎಳೆದು ಹಿಡಿದು ಮಾಡಿದಾಗ ರೇಷ್ಮೆಯ ಹೊಳಪು ಬಂತು. ಧೋತರದ ಮೇಲೆ ‘ಮರ್ಸರೈಸ್ಡ್’ ಎಂಬ ಮುದ್ರೆ ಇದ್ದರೆ ಆ ಕಥೆ ಅದರೊಳಗಿದೆ.

ಕುಗ್ಗುವುದರ ಬಗ್ಗೆ ನನಗೆ ಪುಸ್ತಕಕ್ಕಿಂತ ಮೊದಲು ಅಂಗಿಯೇ ಪಾಠ ಹೇಳಿತು. ಕಾಲೇಜಿನ ಕೊನೆಯ ವರ್ಷ ಮೊದಲ ಸಲ ಖಾದಿ ಬಟ್ಟೆ ಹರಿಸಿಕೊಂಡು ಬಂದಿದ್ದೆ. ‘ನೆನಿ ಹಾಕಿ ಒಣಗಿಸಿ ಆಮ್ಯಾಲೆ ಹೊಲ್ಯಾಕ ಕೊಡಪಾ’ ಎಂದಳು ಅವ್ವ. ಸ್ನೇಹಿತನ ಮದುವೆಗೆ ಎರಡೇ ದಿನ ಇತ್ತು, ಹಾಗೆಯೇ ಕೊಟ್ಟೆ. ಮದುವೆಯಲ್ಲಿ ಅಂಗಿ ಚೆನ್ನಾಗಿಯೇ ಇತ್ತು. ಮೊದಲ ಒಗೆತಕ್ಕೆ ತೋಳು ಮಣಿಕಟ್ಟು ಬಿಟ್ಟು ಮೇಲೇರಿತು, ಎರಡನೆಯದಕ್ಕೆ ಅಂಗಿ ತಮ್ಮನ ಪಾಲಾಯಿತು. ಟೇಲರಿನ ತಪ್ಪೇನೂ ಇರಲಿಲ್ಲ. ಮಗ್ಗದ ಮೇಲೆ ಹಾಸು ಬಿಗಿದು ಎಳೆದಿರುತ್ತಾರೆ. ಆ ಬಿಗುವು ಬಟ್ಟೆಯೊಳಗೆ ಉಳಿದಿರುತ್ತದೆ. ನೀರು ತಾಗಿದೊಡನೆ ನೂಲು ಊದಿ, ಬಿಗುವು ಬಿಟ್ಟು, ಬಟ್ಟೆ ತನ್ನ ನಿಜವಾದ ಉದ್ದಕ್ಕೆ ಮರಳುತ್ತದೆ. ಹೆಚ್ಚು ಕುಗ್ಗುವುದು ಉದ್ದಕ್ಕೆ. ಸ್ಯಾನ್‌ಫೋರ್ಡ್ ಕ್ಲುಯೆಟ್ ಎಂಬ ಅಮೆರಿಕನ್ನನು 1930ರ ಸುಮಾರಿಗೆ ಬಟ್ಟೆಯನ್ನು ಯಂತ್ರದಲ್ಲಿಯೇ ಮೊದಲು ಕುಗ್ಗಿಸಿಬಿಡುವ ಉಪಾಯ ಮಾಡಿದ. ‘ಸ್ಯಾನ್‌ಫೊರೈಸ್ಡ್’ ಅವನ ಹೆಸರೇ. ಅವ್ವನ ಬಕೆಟ್ಟು ಮಾಡುತ್ತಿದ್ದುದೂ ಅದನ್ನೇ.

ಎಲ್ಲ ಮನೆವಿದ್ಯೆಗೂ ಇಷ್ಟೇ ಮನ್ನಣೆ ಸಲ್ಲದು. ಬಣ್ಣ ಬಿಡದಿರಲೆಂದು ಹೊಸ ಸೀರೆಯನ್ನು ಉಪ್ಪುನೀರಿಗೆ ಹಾಕುತ್ತೇವೆ. ಬಣ್ಣದ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸವಿದೆ ನಿಜ. ನೀರಿನಲ್ಲಿರುವ ಬಣ್ಣವನ್ನು ಎಳೆಯ ಕಡೆಗೆ ದೂಡುತ್ತದೆ. ಬಣ್ಣ ಹಾಕುವಾಗಲೇ ಸರಿಯಾಗಿ ಕಚ್ಚದಿದ್ದರೆ ಮನೆಯ ಉಪ್ಪು ಅದನ್ನು ಕಟ್ಟಿಹಾಕಲಾರದು. ಉಪ್ಪುನೀರಲ್ಲಿರುವಷ್ಟು ಹೊತ್ತು ಕಡಿಮೆ ಬಿಟ್ಟೀತು, ಮರುದಿನ ಸಾದಾ ನೀರಲ್ಲಿ ಬಿಡುತ್ತದೆ. ಹೊಸ ಬಣ್ಣದ ಬಟ್ಟೆಯನ್ನು ಮೊದಲ ಎರಡು ಮೂರು ಸಲ ಬೇರೆ ಒಗೆಯುವುದೇ ಸರಿಯಾದ ದಾರಿ.

ಒಂದು ಬಟ್ಟೆ, ಒಂದು ಅಂಕಿ

ಈ ಎಲ್ಲ ಗುಣಗಳನ್ನೂ ಕಾಗದದ ಮೇಲೆ ಬರೆದು, ಅಳೆದು, ತೂಗಿ ತಯಾರಿಸುವ ಬಟ್ಟೆಯೊಂದು ನಮ್ಮ ಹತ್ತಿರದಲ್ಲೇ ಇದೆ. ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅದರ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಸುತ್ತಿನ ಮಗ್ಗಗಳಿಂದ ಬರುತ್ತದೆ. ಸ್ವತಂತ್ರ ಭಾರತ ರೂಪಿಸಿಕೊಂಡ ಮಾನಕಗಳಲ್ಲಿ ಮೊದಲನೆಯ ಸಂಖ್ಯೆ, ಐಎಸ್ 1, ಧ್ವಜದ್ದೇ, 1951ರದು. ನೂಲು, ಎಳೆಗಳ ಎಣಿಕೆ, ತೂಕ, ಹರಿಯಲು ಬೇಕಾದ ಬಲ, ಬಿಸಿಲಿಗೂ ಒಗೆತಕ್ಕೂ ಬಣ್ಣ ತಡೆಯುವ ಬಗೆ ಎಲ್ಲಕ್ಕೂ ಅಲ್ಲಿ ಕಟ್ಟಳೆಯಿದೆ. ಬಾವುಟದ ಮೈಗೆ ಒಂದು ಬಗೆಯ ಖಾದಿ, ಹಗ್ಗ ಸೇರುವ ಪಟ್ಟಿಗೆ ಅದಕ್ಕಿಂತ ಒರಟಾದ ಇನ್ನೊಂದು ಖಾದಿ.

ಪ್ರತಿ ಆಗಸ್ಟಿನಲ್ಲಿ ಈ ಬಟ್ಟೆಯ ಬಗ್ಗೆ ಬರುವ ಬರಹಗಳಲ್ಲಿ ಒಂದು ಅಂಕಿ ತಪ್ಪದೆ ಕಾಣಿಸಿಕೊಳ್ಳುತ್ತದೆ: ಒಂದು ಚದರ ಅಡಿ ಬಟ್ಟೆ 205 ಗ್ರಾಂ ತೂಗಬೇಕಂತೆ. ಕೂತು ಗುಣಿಸಿ. ಚದರ ಮೀಟರಿಗೆ ಎರಡು ಕಿಲೋ ದಾಟುತ್ತದೆ. ದಪ್ಪ ಜೀನ್ಸಿನ ಬಟ್ಟೆ ಚದರ ಮೀಟರಿಗೆ 400ರಿಂದ 500 ಗ್ರಾಂ. ಅಂಗಿಯ ಪಾಪ್ಲಿನ್ 100ರ ಆಸುಪಾಸು. ಎರಡು ಕಿಲೋದ ಬಾವುಟ ಹಾರುವುದಿರಲಿ, ಜಮಖಾನೆಯ ಹಾಗೆ ಕಂಬಕ್ಕೆ ನೇತುಬಿದ್ದೀತು. ಚದರ ಮೀಟರಿಗೆ ಇರಬೇಕಾದ ಅಂಕಿ ಯಾರದೋ ಕೈಯಲ್ಲಿ ಚದರ ಅಡಿಗೆ ಜಾರಿದೆ ಎಂದು ನನ್ನ ತರ್ಕ. ಬಟ್ಟೆಯ ತೂಕದ ಅಂದಾಜಿದ್ದ ಒಬ್ಬ ಓದುಗನಿದ್ದರೂ ಆ ಅಂಕಿ ಇಷ್ಟು ವರ್ಷ ಬದುಕುತ್ತಿರಲಿಲ್ಲ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಕ್ಕೂ, ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಬೆಂಗೇರಿಯಲ್ಲಿ ಅದಕ್ಕೆ ಪ್ರತಿಭಟನೆಯೂ ನಡೆಯಿತು. ಬರೀ ಬಟ್ಟೆಯ ಗುಣ ನೋಡಿದರೆ ಪಾಲಿಯೆಸ್ಟರ್ ಮಳೆಯಲ್ಲಿ ನೆನೆದು ಭಾರವಾಗುವುದಿಲ್ಲ, ಸಣ್ಣ ಗಾಳಿಗೂ ಬಿಚ್ಚಿಕೊಳ್ಳುತ್ತದೆ, ಅಗ್ಗ. ನೂಲುವವರು ಮತ್ತು ನೇಯುವವರ ಕೂಲಿ ಮಾತ್ರ ಯಾವ ಪ್ರಯೋಗಾಲಯದ ಪರೀಕ್ಷೆಯಲ್ಲೂ ಗುಣವಾಗಿ ದಾಖಲಾಗುವುದಿಲ್ಲ. ಬಾವುಟದ ವಿಷಯದಲ್ಲಿ ಅದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕಿತ್ತು ಎನ್ನುವವರ ಪೈಕಿ ನಾನೂ ಒಬ್ಬ.

ಮುಂದಿನ ಸಲ ಬಟ್ಟೆ ಕೊಳ್ಳುವಾಗ ‘ಪ್ಯೂರ್ ಕಾಟನ್ ಏನ್ರೀ’ ಎಂದು ಕೇಳಿದ ಮೇಲೆ ‘ಎಷ್ಟು ಕೌಂಟ್, ಮೊದಲ ಒಗೆತಕ್ಕೆ ಎಷ್ಟು ಕುಗ್ಗತೈತಿ’ ಎಂದು ಇನ್ನೆರಡು ಮಾತು ಸೇರಿಸಿ. ಅಂಗಡಿಯವ ಮೊದಲು ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಹುಡುಗನನ್ನು ಕರೆದು ಒಳಗಿನಿಂದ ಬೇರೆ ಥಾನು ತರಲು ಹೇಳುತ್ತಾನೆ.